ಭದ್ರಾವತಿಯ ನಷ್ಟ ಯಾರ ಲೆಕ್ಕಕ್ಕೆ?

ಭದ್ರಾವತಿಯ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕು ಕಾರ್ಖಾನೆಯನ್ನು (ವಿಐಎಸ್‌ಎಲ್) ಮುಚ್ಚಲು 2023ರ ಜನವರಿಯಲ್ಲಿ ಭಾರತೀಯ ಉಕ್ಕು ಪ್ರಾಧಿಕಾರ ತೀರ್ಮಾನಿಸಿತು. ಕಾರ್ಖಾನೆ ನಷ್ಟದಲ್ಲಿದೆ ಎಂಬುದು ಕೊಟ್ಟ ಕಾರಣ. ಭದ್ರಾವತಿ ಬೀದಿಗಿಳಿಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ಬಾರ್ ಮಿಲ್ ಮತ್ತೆ ತಿರುಗಿತು. ಅಲ್ಲಿಂದೀಚೆಗೆ ಪುನಶ್ಚೇತನದ ಭರವಸೆಗಳಿಗೆ ಬರವಿಲ್ಲ, ಆದರೆ ಚರ್ಚೆ ಮಾತ್ರ ನಿಂತಲ್ಲೇ ನಿಂತಿದೆ: ನಷ್ಟದ ಕಾರ್ಖಾನೆಗೆ ತೆರಿಗೆದಾರರ ದುಡ್ಡು ಸುರಿಯಬೇಕೇ? ಹೀಗೆ ಕೇಳುವವರು ಕಾರ್ಖಾನೆಯ ಲೆಕ್ಕ ನೋಡಿದ್ದಾರೆ, ಊರಿನ ಲೆಕ್ಕ ನೋಡಿಲ್ಲ.

ಬೆಂಕಿಪುರವೆಂಬ ಸಣ್ಣ ಊರು ಪಟ್ಟಣವಾಗಿ ಬೆಳೆದದ್ದೇ ಈ ಕಾರ್ಖಾನೆಯಿಂದ. ಕೆಮ್ಮಣ್ಣುಗುಂಡಿಯ ಅದಿರು ರೋಪ್‌ವೇ ತೊಟ್ಟಿಲುಗಳಲ್ಲಿ ತೂಗುತ್ತ ತಣಿಗೆಬೈಲಿಗೆ ಇಳಿದು, ಅಲ್ಲಿಂದ ರೈಲೇರಿ ಬರುತ್ತಿತ್ತು. ಕುಲುಮೆಗೆ ಮಲೆನಾಡಿನ ಕಾಡಿನ ಇದ್ದಿಲು. 1923ರಲ್ಲಿ ಕಬ್ಬಿಣ ಹರಿಯಿತು, ಅದೇ ವರ್ಷ ವಿಶ್ವೇಶ್ವರಯ್ಯನವರು ಕಾರ್ಖಾನೆಯ ಹೊಣೆ ಹೊತ್ತರು. ಮುಂದಿನ ದಶಕದಲ್ಲಿ ಮೈಸೂರು ಪೇಪರ್ ಮಿಲ್ ಬಂತು. ಊರಿನ ಬಡಾವಣೆಗಳ ಹೆಸರೇ ಪೇಪರ್ ಟೌನ್, ನ್ಯೂಟೌನ್. ಇದು ತಾನಾಗಿ ಬೆಳೆದ ಊರಲ್ಲ, ಸರ್ಕಾರ ಯೋಚಿಸಿ ಕಟ್ಟಿದ ಊರು. ಹಾಗೆ ಕಟ್ಟಿದ ಸರ್ಕಾರ ಈಗ ಮಾರುಕಟ್ಟೆಯ ಮಾತಾಡಿ ಕೈತೊಳೆದುಕೊಳ್ಳುವಂತಿಲ್ಲ.

ಒಂದೆರಡು ದೊಡ್ಡ ಕಾರ್ಖಾನೆಗಳು ಒಂದು ಊರನ್ನು ಸಾಕತೊಡಗಿದರೆ ಏನಾಗುತ್ತದೆಂದು ಭದ್ರಾವತಿಯಲ್ಲಿ ನೋಡಬಹುದು. ಅಪ್ಪ ಫರ್ನೇಸಿನಲ್ಲಿ, ಮಗ ಐಟಿಐ ಮುಗಿಸಿ ಅಪ್ರೆಂಟಿಸ್. ಅಂಗಡಿಯ ಉದ್ರಿ ಪುಸ್ತಕ ತೀರುವುದು ಬಟವಾಡೆಯ ದಿನ. ಬೇರೆ ಕಸುಬು ಬೆಳೆಸುವ ಅಗತ್ಯ ಯಾರಿಗೂ ಕಾಣಲಿಲ್ಲ, ಏಕೆಂದರೆ ಫ್ಯಾಕ್ಟರಿಯ ಸಂಬಳಕ್ಕೆ ಸಮನಾದದ್ದು ಸುತ್ತಮುತ್ತ ಎಲ್ಲೂ ಇರಲಿಲ್ಲ. ಹಾಗಾಗಿ ಕೆಲಸ ಹೋದಾಗ ತಟ್ಟಲು ಇನ್ನೊಂದು ಬಾಗಿಲೂ ಇರಲಿಲ್ಲ. ಉಕ್ಕು ಕರಗಿಸುವ ಕೈಗೆ ಸೆಕ್ಯುರಿಟಿ ಗಾರ್ಡಿನ ಲಾಠಿ ಕೊಟ್ಟು, ಇದೂ ಉದ್ಯೋಗವೇ ಎಂದರೆ ಆ ಕೈಯ ಹತ್ತಾರು ವರ್ಷಗಳ ಕಸುಬು ಎಲ್ಲಿಗೆ ಹೋಯಿತು?

ಈ ನಿರುದ್ಯೋಗ ಸರ್ಕಾರದ ಅಂಕಿಗಳಲ್ಲಿ ಕಾಣುವುದೂ ಇಲ್ಲ. ನಮ್ಮ ಕಾರ್ಮಿಕ ಸಮೀಕ್ಷೆಯ ವಾರದ ಲೆಕ್ಕದಲ್ಲಿ, ಏಳು ದಿನಗಳಲ್ಲಿ ಒಂದು ಗಂಟೆ ದುಡಿದವನೂ ಉದ್ಯೋಗಿಯೇ. ತಿಂಗಳಲ್ಲಿ ಕೆಲವೇ ದಿನ ಹಾಜರಿ ಸಿಗುವ ಗುತ್ತಿಗೆ ಕಾರ್ಮಿಕ ಈ ಲೆಕ್ಕದಲ್ಲಿ ಸುಖವಾಗಿದ್ದಾನೆ. ಕೆಲಸ ಹುಡುಕಿ ಬೆಂಗಳೂರಿಗೆ ಹೋದವನು ಬೆಂಗಳೂರಿನ ಉದ್ಯೋಗಿ. ಉಳಿದ ಸುಳಿವು ಜನಗಣತಿಯಲ್ಲಿದೆ: 2001ರಲ್ಲಿ ಸುಮಾರು 1.60 ಲಕ್ಷವಿದ್ದ ನಗರದ ಜನಸಂಖ್ಯೆ 2011ರಲ್ಲಿ ಸುಮಾರು 1.51 ಲಕ್ಷಕ್ಕೆ ಇಳಿದಿತ್ತು. ರಾಜ್ಯದ ಬಹುಪಾಲು ನಗರಗಳು ಉಬ್ಬುತ್ತಿದ್ದ ಆ ದಶಕದಲ್ಲಿ ಭದ್ರಾವತಿ ಕುಗ್ಗಿತು. ಈಗ ನಿಂತಿರುವ ಪೇಪರ್ ಮಿಲ್‌ಗೆ ಆಗಿನ್ನೂ ಬೀಗ ಬಿದ್ದಿರಲಿಲ್ಲ ಎಂಬುದನ್ನು ಗಮನಿಸಬೇಕು.

ನಷ್ಟ ಆಕಾಶದಿಂದ ಬಿದ್ದದ್ದಲ್ಲ. 1989ರಲ್ಲಿ ಕಾರ್ಖಾನೆ ಉಕ್ಕು ಪ್ರಾಧಿಕಾರದ ಕೈಸೇರಿತು, 1998ರಲ್ಲಿ ಅದರಲ್ಲಿ ವಿಲೀನವಾಯಿತು. ಪ್ರಾಧಿಕಾರದ ಭಿಲಾಯಿ, ಬೊಕಾರೊ, ರೂರ್ಕೆಲಾ ಸ್ಥಾವರಗಳು ನಡೆಯುತ್ತಿರುವುದು ಅದರದೇ ಗಣಿಗಳ ಅದಿರಿನಿಂದ. ಕೆಮ್ಮಣ್ಣುಗುಂಡಿಯ ಗಣಿಗಾರಿಕೆ ನಿಂತ ಮೇಲೆ ಭದ್ರಾವತಿಗೆ ಅಂಥ ಗಣಿಯ ಅದಿರು ಸಿಗಲಿಲ್ಲ. ಬಳ್ಳಾರಿ, ಸಂಡೂರಿನ ಅದಿರು ಕಂಡಕಂಡವರಿಗೆ ಹೋದ ಕಾಲದಲ್ಲೂ ರಾಜ್ಯದ ಈ ಹಳೆಯ ಕಾರ್ಖಾನೆ ಕೈಚಾಚಿಯೇ ನಿಂತಿತ್ತು. ಅದಿರು ಕೊಡದೆ, ಹೊಸ ಯಂತ್ರ ಹಾಕದೆ, 2016ರಲ್ಲಿ ಮಾರಾಟಕ್ಕಿಟ್ಟರು. ಕೊಳ್ಳುವವರು ಬರಲಿಲ್ಲವೆಂದು 2022ರಲ್ಲಿ ಅದನ್ನೂ ಕೈಬಿಟ್ಟರು. ಆರು ವರ್ಷ ನೆತ್ತಿಯ ಮೇಲೆ ಮಾರಾಟದ ಕತ್ತಿ ತೂಗುತ್ತಿದ್ದ ಕಾರ್ಖಾನೆಗೆ ಹೊಸ ಬಂಡವಾಳ ಎಲ್ಲಿಂದ ಬರಬೇಕಿತ್ತು?

ದೆಹಲಿಯನ್ನಷ್ಟೇ ಬೈದು ಮುಗಿಸುವುದೂ ಅಪ್ರಾಮಾಣಿಕತೆ. ಪೇಪರ್ ಮಿಲ್ ರಾಜ್ಯ ಸರ್ಕಾರದ್ದೇ ಕಂಪನಿ. ಅದರ ಜೊತೆಗಿದ್ದ ಸಕ್ಕರೆ ಘಟಕವನ್ನು ನಂಬಿ ಸುತ್ತಲ ರೈತರು ಕಬ್ಬು ಹಾಕಿದ್ದರು. ಗಿರಣಿ ನಿಂತು ಸುಮಾರು ಹತ್ತು ವರ್ಷವಾಯಿತು. ಈ ಅವಧಿಯಲ್ಲಿ ರಾಜ್ಯದ ಮೂರು ದೊಡ್ಡ ಪಕ್ಷಗಳಲ್ಲಿ ಯಾವುದೂ ಅಧಿಕಾರದಿಂದ ಹೊರಗೇ ಉಳಿಯಲಿಲ್ಲ, ಮೂರೂ ಆಳಿದವು. ಗಿರಣಿ ನಿಂತ ಮೇಲೂ ಅದರ ಹೆಸರಿನ ನೆಡುತೋಪಿನ ಗುತ್ತಿಗೆ ಮುಂದುವರಿಸಲು ಸರ್ಕಾರಕ್ಕೆ ಉತ್ಸಾಹವಿತ್ತು. ಅಲ್ಲಿ ಮತ್ತೆ ಅಕೇಶಿಯಾ ಬೇಡವೆಂದು ಮಲೆನಾಡಿಗರು ಎದ್ದು ನಿಂತದ್ದು ಸರಿಯಾಗಿಯೇ ಇತ್ತು. ಕಾಡು ಉಳಿಯಬೇಕೆಂಬ ಮಾತಿಗೂ ಕೆಲಸ ಬೇಕೆಂಬ ಮಾತಿಗೂ ಜಗಳ ಹಚ್ಚುವವರನ್ನು ನಾನು ನಂಬುವುದಿಲ್ಲ. ಇದ್ದಿಲಿನ ಕಾಲಕ್ಕೆ ಮರಳಿ ಎಂದು ಯಾವ ಕಾರ್ಮಿಕನೂ ಕೇಳುತ್ತಿಲ್ಲ.

ವಿಐಎಸ್‌ಎಲ್ ಉಳಿಯಬೇಕು, ಮಿಶ್ರಲೋಹದ ಉಕ್ಕಿನ ಕಾರ್ಖಾನೆಯಾಗಿ, ಸ್ವಂತ ಗಣಿಯ ಅದಿರಿನೊಂದಿಗೆ. ಆದರೆ ಅದು ಉಳಿದರೆ ಸಾಕೆಂದು ಕೂತರೆ ಊರು ಮತ್ತೆ ಒಂದೇ ಕಂಬಕ್ಕೆ ಒರಗುತ್ತದೆ. ಶಿವಮೊಗ್ಗದ ದಾರಿಯ ಮಾಚೇನಹಳ್ಳಿಯಲ್ಲಿ ಫೌಂಡ್ರಿಗಳು ಬೆಳೆದಿವೆ. ಒಂದು ಬಾಗಿಲು ಹಾಕಿದರೆ ಎರಕದ ಕೆಲಸ ಬಲ್ಲವನು ಪಕ್ಕದ್ದಕ್ಕೆ ಹೋಗಬಹುದು. ಭದ್ರಾವತಿಯಲ್ಲಿ ಖಾಲಿ ಬಿದ್ದ ಶೆಡ್ಡುಗಳಿವೆ, ರೈಲಿದೆ, ಪಕ್ಕದಲ್ಲೇ ಭದ್ರಾ ನದಿಯಿದೆ, ಉಕ್ಕಿನ ಕಸುಬು ಕೈಯಲ್ಲಿರುವ ಜನರಿದ್ದಾರೆ. ಆ ಜಾಗವನ್ನು ಸಣ್ಣ ಘಟಕಗಳಿಗೆ ಬಿಟ್ಟುಕೊಡಬೇಕು, ಒಬ್ಬನೇ ದೊಡ್ಡ ಖರೀದಿದಾರನಿಗಲ್ಲ. ದಶಕಗಟ್ಟಲೆ ಗುತ್ತಿಗೆಯಲ್ಲೇ ದುಡಿದವರಿಗೆ ಮೊದಲ ಹಕ್ಕು ಸಿಗಬೇಕು, ಕೆಲಸವಿಲ್ಲದ ದಿನಗಳಿಗೂ ಕೂಲಿ ಸಿಗಬೇಕು. ಗಣಿಗೆ ಕೇಂದ್ರ, ರಾಜ್ಯಗಳೆರಡೂ ಒಪ್ಪಬೇಕು. ಪೇಪರ್ ಮಿಲ್‌ಗೆ ಅದೂ ಬೇಕಿಲ್ಲ, ಅದರ ಬೀಗದ ಕೈ ಇರುವುದು ವಿಧಾನಸೌಧದಲ್ಲಿ. ಕೆಲಸವನ್ನು ಅಲ್ಲಿಂದಲೇ ಶುರುಮಾಡಲಿ, ಈ ಬಜೆಟ್ಟಿನಲ್ಲೇ.