ರಾಜಾಶ್ರಯ ಎಂದರೆ ಯಾರ ದುಡ್ಡು?

ಉಡುಪಿ, ಮಣಿಪಾಲಗಳ ವೇದಿಕೆಗಳಲ್ಲಿ ಸಂಗೀತದ ಮಾತು ಬಂದರೆ ಸಾಕು, ಒಬ್ಬರಲ್ಲ ಒಬ್ಬರು ಮಹನೀಯರು ಎದ್ದು ನಿಂತು ನಿಟ್ಟುಸಿರು ಬಿಡುತ್ತಾರೆ. ಅರಸರಿದ್ದರು, ಕಲೆ ಬಾಳಿತು. ಅರಸರು ಹೋದರು, ಕಲೆ ಅನಾಥವಾಯಿತು ಎಂಬುದೇ ಅವರ ರಾಗ. ಚಪ್ಪಾಳೆಯೂ ಬೀಳುತ್ತದೆ. ತಟ್ಟುವ ಕೈಗಳಲ್ಲಿ ಬೀಡಿ ಕಟ್ಟುವ ಕೈಗಳೂ ಗೇರುಬೀಜ ಸುಲಿಯುವ ಕೈಗಳೂ ಇರುತ್ತವೆಂಬುದೇ ನಮ್ಮ ಸಂಕಟ.

ಇವರು ಸಾಕ್ಷಿಗೆ ತರುವ ಹೆಸರು ಜಯಚಾಮರಾಜ ಒಡೆಯರದು. ಒಳ್ಳೆಯದು, ಅವರನ್ನೇ ತೆಗೆದುಕೊಳ್ಳೋಣ. 1919ರಲ್ಲಿ ಹುಟ್ಟಿ 1940ರಲ್ಲಿ ಪಟ್ಟಕ್ಕೆ ಬಂದ ಈ ಅರಸರು ಬರಿಯ ಪೋಷಕರಲ್ಲ, ಸ್ವತಃ ವಾಗ್ಗೇಯಕಾರರು. ಪಿಯಾನೋ ಕಲಿತು ಲಂಡನ್ನಿನ ಸಂಗೀತಶಾಲೆಗಳ ಪದವಿ ಪಡೆದವರು. ವಾಸುದೇವಾಚಾರ್ಯರಂಥವರ ಬಳಿ ಪಾಠ ಹೇಳಿಸಿಕೊಂಡವರು. ಸಂಸ್ಕೃತದಲ್ಲಿ ಅವರು ರಚಿಸಿದ 94 ಕೃತಿಗಳನ್ನು ವಿದ್ವಾಂಸರು ಇಂದಿಗೂ ಹಾಡುತ್ತಾರೆ. ಇದನ್ನು ಅಲ್ಲಗಳೆಯುವವನಿಗೆ ಕಿವಿ ಇಲ್ಲವೆಂದೇ ಹೇಳಬೇಕು.

ಆದರೆ ಕಥೆಯ ಇನ್ನೊಂದು ಮಗ್ಗುಲು ಕೇಳಿರಿ. ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸಂಗೀತರಚನಕಾರ 1921ರಲ್ಲಿ ತಾಯ್ನಾಡು ಬಿಟ್ಟು, ಕೊನೆಗೆ ಲಂಡನ್ನಿನಲ್ಲಿ ನೆಲೆಸಿದ. ಕಾಲದ ರುಚಿ ಬದಲಾಗಿ ಅವನ ಸಂಗೀತವನ್ನು ಕೇಳುವವರು ಕಡಿಮೆಯಾದರು. ಯುದ್ಧ ಬಂದು, ಜರ್ಮನ್ ಪ್ರಕಾಶಕರಿಂದ ಬರುತ್ತಿದ್ದ ಹಣವೂ ನಿಂತಿತು. ಅಂಥವನ ಕೃತಿಗಳನ್ನು ಗ್ರಾಮಫೋನ್ ತಟ್ಟೆಗಳಿಗೆ ಏರಿಸಲು 1940ರ ದಶಕದ ಕೊನೆಯಲ್ಲಿ ದುಡ್ಡು ಕೊಟ್ಟದ್ದು ಮೈಸೂರು ಅರಮನೆ. ಋಣ ತೀರಿಸಲೆಂದು ಮೆಟ್ನರ್ ತನ್ನ ಮೂರನೆಯ ಪಿಯಾನೋ ಕಾನ್ಸೆರ್ಟೊವನ್ನು ಮಹಾರಾಜರಿಗೆ ಅರ್ಪಿಸಿ, 1951ರಲ್ಲಿ ತೀರಿಕೊಂಡ. ಜರ್ಮನಿಯ ರಿಚರ್ಡ್ ಸ್ಟ್ರಾಸ್‌ನ ಕೊನೆಯ ಹಾಡುಗಳು 1950ರ ಮೇ 22ರಂದು ಲಂಡನ್ನಿನ ಆಲ್ಬರ್ಟ್ ಹಾಲ್‌ನಲ್ಲಿ ಮೊದಲ ಬಾರಿಗೆ ಕೇಳಿಸಿದ್ದರ ಹಿಂದೆಯೂ ಮೈಸೂರಿನ ಹಣವಿತ್ತು.

ಕಷ್ಟದಲ್ಲಿದ್ದ ಕಲಾವಿದನ ಕೈ ಹಿಡಿದದ್ದು ತಪ್ಪೆಂದು ನಾವು ಹೇಳುತ್ತಿಲ್ಲ. ಆ ಹಣ ಬಂದದ್ದೆಲ್ಲಿಂದ ಎಂಬುದಷ್ಟೇ ನಮ್ಮ ಪ್ರಶ್ನೆ. ಅರಮನೆಯ ಹಿತ್ತಲಿನಲ್ಲಿ ದುಡ್ಡಿನ ಗಿಡವೇನೂ ಇರಲಿಲ್ಲವಷ್ಟೆ! ರಾಗಿ ಬೆಳೆದವನ ಕಂದಾಯ ಅದರಲ್ಲಿತ್ತು. ಕೋಲಾರದ ಗಣಿಯಲ್ಲಿ ಕಲ್ಲಿನ ಧೂಳು ನುಂಗಿ ಕೆಮ್ಮಿ ಸತ್ತವನು ತೆಗೆದ ಚಿನ್ನದ ರಾಜಸ್ವವೂ ಸಂಸ್ಥಾನದ ಬೊಕ್ಕಸಕ್ಕೇ ಬಿದ್ದಿತ್ತು. ಕಾನ್ಸೆರ್ಟೊದ ಅರ್ಪಣೆಯಲ್ಲಿ ಮಹಾರಾಜರ ಹೆಸರಿದೆ, ಇವರ ಹೆಸರಿಲ್ಲ. ಅದೇ ವರ್ಷಗಳಲ್ಲಿ, 1947ರ ಸೆಪ್ಟೆಂಬರಿನಲ್ಲಿ, ಜವಾಬ್ದಾರಿ ಸರ್ಕಾರ ಬೇಕೆಂದು ‘ಮೈಸೂರು ಚಲೋ’ ಹೂಡಿದವರಿಗೆ ಸಿಕ್ಕಿದ್ದು ಸೆರೆಮನೆ. ವಿದ್ಯಾರ್ಥಿ ರಾಮಸ್ವಾಮಿಗೆ ಸಿಕ್ಕಿದ್ದು ಗುಂಡು. ಸಂಸ್ಥಾನ ಮುಗಿದ ಮೇಲೂ ವರ್ಷಕ್ಕೆ 26 ಲಕ್ಷ ರೂಪಾಯಿ ರಾಜಧನ ನಿಗದಿಯಾಯಿತು. 1971ರಲ್ಲಿ ಸಂವಿಧಾನಕ್ಕೆ ತಿದ್ದುಪಡಿ ತಂದ ಮೇಲೆಯೇ ದೇಶದಲ್ಲಿ ಆ ಪದ್ಧತಿ ನಿಂತದ್ದು.

ಇನ್ನು ನಮ್ಮ ಕರಾವಳಿಯ ಮಾತು. 1956ರವರೆಗೆ ನಾವು ಮದ್ರಾಸಿಗೆ ಸೇರಿದವರು. ಒಡೆಯರ ಆಶ್ರಯಕ್ಕೂ ನಮಗೂ ನಡುವೆ ಘಟ್ಟವೇ ಅಡ್ಡವಿತ್ತು. ಹಾಗಾದರೆ ಇಲ್ಲಿ ಸಂಗೀತ ಸತ್ತಿತೆ? ಹರಕೆಯ ಆಟಗಳು ನಿಂತವೆ? ಭಾಗವತರ ಗಂಟಲು ಕಟ್ಟಿತೆ? ಕಾಪುವಿನ ಮಾರಿಪೂಜೆಗೆ ಡೋಲು ಇಲ್ಲದೆ ಹೋಯಿತೆ? ಒಕ್ಕಲು ಮಕ್ಕಳೂ ಪೇಟೆಯ ಅಂಗಡಿಯವರೂ ನಾಲ್ಕಾಣೆ, ಎಂಟಾಣೆ ಕೂಡಿಸಿ ಇದನ್ನೆಲ್ಲ ಸಾಕಿದರು. ಅದಕ್ಕೆ ಮಾತ್ರ ‘ಆಶ್ರಯ’ ಎಂಬ ದೊಡ್ಡ ಹೆಸರನ್ನು ಯಾರೂ ಕೊಡಲಿಲ್ಲ.

ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮರುಳಾದ ಬಂಟ್ವಾಳ ಕಡೆಯ ನಾಗಸ್ವರದವರ ಮಗ, ಕದ್ರಿ ಗೋಪಾಲನಾಥರು, ಆ ವಿಲಾಯಿತಿ ವಾದ್ಯವನ್ನು ತಿದ್ದಿ, ಕರ್ನಾಟಕ ಸಂಗೀತದ ಗಮಕಗಳಿಗೆ ಬಗ್ಗಿಸಿದರು. ಅದಕ್ಕೆ ಅವರಿಗೆ ಹಿಡಿದದ್ದು ವರುಷಗಟ್ಟಲೆ ದುಡಿಮೆ. 2019ರಲ್ಲಿ ಅವರು ತೀರಿಕೊಂಡರು. ಇವತ್ತು ಕಾರ್ಕಳದ ಮದುವೆಗೂ ಕಾಪುವಿನ ಜಾತ್ರೆಗೂ ಸ್ಯಾಕ್ಸೋಫೋನ್ ಬೇಕೇ ಬೇಕು.

ಬೇಕು, ಸರಿ. ಊದುವವನ ಗತಿಯೇನು? ಬಾಯಿಮಾತಿನ ಒಪ್ಪಂದ, ಚೂರು ಮುಂಗಡ, ಊಟದ ಪಂಕ್ತಿಯಲ್ಲಿ ಕೊನೆಯ ಎಲೆ. ಮದುವೆ ಮುಂದೆ ಹೋದರೆ ಅವನ ದಿನವೂ ಹೋಯಿತು. 2020ರಲ್ಲಿ ಗುಡಿ, ಸಭಾಭವನಗಳಿಗೆ ಬೀಗ ಬಿದ್ದಾಗ ಈ ಜನ ಏನು ತಿಂದರೆಂದು ನಿಟ್ಟುಸಿರಿನ ಮಹನೀಯರು ಕೇಳಿದ್ದುಂಟೆ? ಹೂವಿನವನೂ, ಶಾಮಿಯಾನ ಹಾಕುವವನೂ, ಧ್ವನಿವರ್ಧಕ ಬಾಡಿಗೆಗೆ ಕೊಡುವ ಸಣ್ಣ ವ್ಯಾಪಾರಿಯೂ ಅದೇ ದೋಣಿಯಲ್ಲಿದ್ದರು. ಅರಸನ ಮನಸ್ಸು ಬಂದಾಗ ಬರುವ ಹಣ, ಮನಸ್ಸು ಹೋದಾಗ ನಿಲ್ಲುತ್ತದೆ. ಕಂಪೆನಿಗಳ, ಧನಿಕರ ಪ್ರಾಯೋಜಕತ್ವವೂ ಹಾಗೆಯೇ. ಬ್ಯಾನರಿನಲ್ಲಿ ಅವರ ಹೆಸರು ಅಂಗೈ ಅಗಲ, ವಾದ್ಯದವನದು ಇರುವೆಯಷ್ಟು.

ನಾವು ಕೇಳುವುದು ದಾನವಲ್ಲ. ವಾದ್ಯದವರಿಗೆ ಬರಹದ ಕರಾರು, ಗೊತ್ತಾದ ದರ, ಕಾರ್ಮಿಕರಿಗೆ ಸಿಗುವ ವಿಮೆ ಸಿಗಬೇಕು. ಸರ್ಕಾರಿ ಶಾಲೆಗಳಿಗೆ ಸಂಗೀತದ ಮಾಸ್ತರರನ್ನು ಕೊಡಬೇಕು; ಹೆಚ್ಚಿನ ಶಾಲೆಗಳಲ್ಲಿ ಪ್ರಾರ್ಥನೆಯೇ ಮಕ್ಕಳ ಏಕಮಾತ್ರ ಸಂಗೀತಪಾಠವೆಂದು ಮಾಸ್ತರಿಕೆ ಮಾಡಿದ ನನಗೆ ಬೇರೆಯವರು ಹೇಳಬೇಕಾಗಿಲ್ಲ.

ಮುಂದಿನ ಜಾತ್ರೆಯ ಲೆಕ್ಕಪತ್ರ ಮಂಡಿಸುವ ದಿನ ಊರವರೆಲ್ಲ ಸಭೆಗೆ ಹೋಗಿರಿ. ಮಂಟಪಕ್ಕೆಷ್ಟು, ಸಿಡಿಮದ್ದಿಗೆಷ್ಟು ಎಂದು ಓದಿ ಮುಗಿಸುವ ಮೊದಲು, ವಾದ್ಯದವರಿಗೆ ಎಷ್ಟು ಎಂಬ ಸಾಲನ್ನು ಗಟ್ಟಿಯಾಗಿ ಓದಿಸಿರಿ.