ಬಸಿರಿಗೆ ಮುಂಚಿನ ತೂಕ

ನಮ್ಮ ಓದುಗರಲ್ಲಿ ಹಲವರು ದಿನವಿಡೀ ತಕ್ಕಡಿ ಹಿಡಿಯುವವರು. ಬೆಲ್ಲದ ಪೆಂಟೆಯನ್ನೂ ಬೇಳೆಯ ಚೀಲವನ್ನೂ ತೂಗುತ್ತಾರೆ. ಮನೆಗೆ ಬಂದ ಸೊಸೆಯ ತೂಕವೆಷ್ಟೆಂದು ಅವರಲ್ಲಿ ಎಷ್ಟು ಮಂದಿ ಬಲ್ಲರು? ಗಿರಣಿ ಕೆಲಸಗಾರರ ಮನೆಗಳಲ್ಲಿಯೂ ಇದೇ ಕಥೆ. ಆಕೆ ಬಸುರಿಯಾದ ಮೇಲೆಯೇ ಆಸ್ಪತ್ರೆಯಲ್ಲಿ ಮೊದಲ ಸಲ ತೂಗುವುದು.

ಅಷ್ಟು ಹೊತ್ತಿಗೆ ತಡವಾಗಿರುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 2004ರಿಂದ 2013ರವರೆಗೆ ಹೆತ್ತ ಏಳು ಲಕ್ಷಕ್ಕೂ ಹೆಚ್ಚು ತಾಯಂದಿರ ದಾಖಲೆಗಳನ್ನು ವೈದ್ಯರು ಪರಿಶೀಲಿಸಿದರು. ಬಸಿರಿಗೆ ಮುಂಚೆ ಸರಿಯಾದ ತೂಕವಿದ್ದ 10,000 ಮಂದಿಯಲ್ಲಿ 143 ಮಂದಿಗೆ ಗಂಡಾಂತರದ ತೊಡಕು ಇಲ್ಲವೆ ಸಾವು ಒದಗಿತ್ತು. ಅತಿಯಾದ ಬೊಜ್ಜಿನವರಲ್ಲಿ ಇದು 203. ಬಡಕಲು ಹೆಂಗಸರಲ್ಲಿಯೂ 171ಕ್ಕೆ ಏರಿತ್ತು. ಹೊಟ್ಟೆ ತುಂಬಿದ ನಾಡೆನಿಸಿಕೊಂಡಲ್ಲಿನ ಲೆಕ್ಕವಿದು!

ಐದಡಿ ಎತ್ತರದ ಹೆಣ್ಣು ಸುಮಾರು 43 ಕಿಲೋಗಿಂತ ಕಡಮೆಯಿದ್ದರೆ ಬಡಕಲು, 58 ಕಿಲೋ ಮೀರಿದರೆ ತೂಕ ಹೆಚ್ಚು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ನೂರಕ್ಕೆ 17 ಮಂದಿ ಬಡಕಲು, 30 ಮಂದಿಯ ತೂಕ ಹೆಚ್ಚು. ಅರ್ಧದಷ್ಟು ಮಂದಿಗೆ ರಕ್ತಹೀನತೆ. ಬಡಕಲು ತಾಯಿಗೆ ದಿನ ತುಂಬದ, ತೂಕವಿಲ್ಲದ ಕೂಸು. ಬೊಜ್ಜಿನ ತಾಯಿಗೆ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಶಸ್ತ್ರಚಿಕಿತ್ಸೆಯ ಹೆರಿಗೆ. ಬೊಜ್ಜೆಂದರೆ ಸಿರಿವಂತಿಕೆಯೆಂದು ತಿಳಿಯಬೇಡಿ. ಬೇಳೆ, ಹಾಲು, ತರಕಾರಿ ಕೊಳ್ಳಲಾಗದೆ ಬರೀ ಅನ್ನದಿಂದ ಹೊಟ್ಟೆ ತುಂಬಿಸಿಕೊಳ್ಳುವ ಮನೆಗಳಲ್ಲಿಯೂ ಅದು ಬರುತ್ತದೆ.

ಸರ್ಕಾರ 2017ರ ಅಕ್ಟೋಬರ್ 2ರಂದು ಮಾತೃಪೂರ್ಣ ಯೋಜನೆ ತಂದು ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಬಡಿಸಿತು. ಒಳ್ಳೆಯ ಕೆಲಸ, ನಾವು ಅದನ್ನು ಹಳಿಯುವವರಲ್ಲ. ಆದರೆ ಆ ಎಲೆ ಹಾಕುವುದು ಬಸುರಿಯಾದ ಮೇಲೆ. ಹದಿನೈದು ವರ್ಷ ಅರೆಹೊಟ್ಟೆಯಲ್ಲಿದ್ದವಳ ಮೈಯನ್ನು ಕೆಲವು ತಿಂಗಳ ಊಟ ಸರಿಪಡಿಸೀತೆ? ಮದುವೆಯಾದ ಪ್ರತಿ ಹೆಣ್ಣನ್ನೂ ಅಂಗನವಾಡಿಯಲ್ಲಿ ತೂಗಬೇಕು. ಬಡಕಲಾಗಿದ್ದರೆ ಅಂದಿನಿಂದಲೇ ಊಟ ಕೊಡಬೇಕು. ತೂಕ ಹೆಚ್ಚಿದ್ದರೆ ರಕ್ತದೊತ್ತಡ, ಸಕ್ಕರೆ ನೋಡಬೇಕು. ಇದಕ್ಕೆ ಹಣವಿಲ್ಲವೆಂಬ ಉತ್ತರವನ್ನು ನಾವು ಒಪ್ಪುವುದಿಲ್ಲ.

ನಮ್ಮ ಮನೆಗಳ ತಪ್ಪನ್ನೂ ಮುಚ್ಚಿಡುವುದು ಬೇಡ. ಗಂಡಸರುಂಡು, ಮಕ್ಕಳುಂಡು, ಅತ್ತೆಯುಂಡ ಮೇಲೆ ತಳ ಹತ್ತಿದ ಪಾತ್ರೆ ಸೊಸೆಗೆ. ಬಸುರಿ ಹೆಚ್ಚು ಉಂಡರೆ ಕೂಸು ದಪ್ಪವಾಗಿ ಹೆರಿಗೆ ಕಷ್ಟವೆಂದು ಹೆದರಿಸುವ ಹಿರಿಯರೂ ಇದ್ದಾರೆ. ಇಂದು ರಾತ್ರಿ ಊಟಕ್ಕೆ ಕೂರುವಾಗ ಆಕೆಯನ್ನೂ ಜೊತೆಯಲ್ಲಿ ಕೂರಿಸಿಕೊಳ್ಳಿ. ಅದಕ್ಕೆ ಯಾವ ಸರ್ಕಾರದ ಆದೇಶವೂ ಬೇಕಿಲ್ಲ.