ಪೈರೇಟ್ಸ್ ಗೆದ್ದದ್ದು ಯಾರನ್ನು ಒಳಗೆ ಕರೆದುಕೊಂಡಾಗ?

1971ರ ಸೆಪ್ಟೆಂಬರ್ 1. ಅಮೆರಿಕದ ಪಿಟ್ಸ್‌ಬರ್ಗ್ ಪೈರೇಟ್ಸ್ ಬೇಸ್‌ಬಾಲ್ ತಂಡದ ಮ್ಯಾನೇಜರ್ ಡ್ಯಾನಿ ಮುರ್ಟಾ, ಫಿಲಡೆಲ್ಫಿಯಾ ವಿರುದ್ಧದ ಪಂದ್ಯಕ್ಕೆ ಒಂಬತ್ತು ಆಟಗಾರರ ಪಟ್ಟಿ ಕೊಟ್ಟರು. ಅದರಲ್ಲಿ ಒಬ್ಬನೇ ಒಬ್ಬ ಬಿಳಿಯನೂ ಇರಲಿಲ್ಲ. ಎಲ್ಲರೂ ಆಫ್ರಿಕನ್-ಅಮೆರಿಕನ್ನರು, ಇಲ್ಲವೇ ಪೋರ್ಟೊರಿಕೊ, ಪನಾಮಾ, ಕ್ಯೂಬಾಗಳ ಕಪ್ಪು ಆಟಗಾರರು. ಅಲ್ಲಿನ ಅಗ್ರ ಬೇಸ್‌ಬಾಲ್ ಕೂಟವಾದ ಮೇಜರ್ ಲೀಗ್‌ನ ಇತಿಹಾಸದಲ್ಲಿ ಇದು ಮೊದಲು. ಊರಿನ ಪತ್ರಿಕೆಗಳಲ್ಲಿ ಆಗ ಮುಷ್ಕರ ನಡೆದಿದ್ದರಿಂದ ಸುದ್ದಿ ಹೆಚ್ಚು ಹರಡಲಿಲ್ಲ. ಪೈರೇಟ್ಸ್ 10-7ರಿಂದ ಗೆದ್ದಿತು. ಮರುತಿಂಗಳು ಲೀಗಿನ ಚಾಂಪಿಯನ್‌ಪಟ್ಟದ ಸರಣಿಯಾದ ವರ್ಲ್ಡ್ ಸೀರೀಸನ್ನೂ ಗೆದ್ದಿತು.

ಈ ತಂಡದ ಚರಿತ್ರೆಯನ್ನು ಟ್ರೋಫಿಗಳ ಲೆಕ್ಕದಲ್ಲಿ ಹೇಳುವುದು ಸುಲಭ: 1909, 1925, 1960, 1971, 1979. ಆದರೆ ಯಾರಿಗೆ ಆಡಲು ಅವಕಾಶ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂದು ನೋಡಿದರೆ ಮಾತ್ರ ಆ ಗೆಲುವುಗಳ ನಡುವಿನ ದೊಡ್ಡ ಅಂತರ ಅರ್ಥವಾಗುತ್ತದೆ.

1909ರ ಗೆಲುವಿನ ಹಿಂದೆ ಇದ್ದವರು ಹೋನಸ್ ವ್ಯಾಗ್ನರ್. ಜರ್ಮನಿಯಿಂದ ವಲಸೆ ಬಂದವರ ಮಗ, ಹುಡುಗನಾಗಿದ್ದಾಗ ಕಲ್ಲಿದ್ದಲು ಗಣಿಯಲ್ಲಿ ದುಡಿದವರು. ಎಂಟು ಬಾರಿ ಲೀಗಿನ ಅತ್ಯುತ್ತಮ ಬ್ಯಾಟಿಂಗ್ ಸರಾಸರಿ ಅವರದಾಗಿತ್ತು. 1936ರಲ್ಲಿ ಹಾಲ್ ಆಫ್ ಫೇಮ್‌ಗೆ ಆಯ್ಕೆಯಾದ ಮೊದಲ ಐವರಲ್ಲಿ ಅವರೂ ಒಬ್ಬರು.

ಅದೇ ಮೂವತ್ತರ ದಶಕದಲ್ಲಿ ಅದೇ ಊರಿನಲ್ಲಿ ಜಾಷ್ ಗಿಬ್ಸನ್ ಇದ್ದರು. ಕಪ್ಪು ಆಟಗಾರರ ನೀಗ್ರೊ ಲೀಗ್‌ಗಳಲ್ಲಿ ಹೋಮ್‌ಸ್ಟೆಡ್ ಗ್ರೇಸ್, ಪಿಟ್ಸ್‌ಬರ್ಗ್ ಕ್ರಾಫರ್ಡ್ಸ್ ತಂಡಗಳಿಗೆ ಆಡುತ್ತಿದ್ದ ಈ ದೈತ್ಯ ಹೊಡೆತಗಾರನ ತಂಡ, ಪೈರೇಟ್ಸ್ ಪರವೂರಿಗೆ ಹೋದಾಗ ಅದರದೇ ಫೋರ್ಬ್ಸ್ ಫೀಲ್ಡಿನಲ್ಲಿ ಪಂದ್ಯ ಆಡುತ್ತಿತ್ತು. ಮೈದಾನ ಬಾಡಿಗೆಗೆ ಸಿಕ್ಕಿತು, ತಂಡದಲ್ಲಿ ಜಾಗ ಸಿಗಲಿಲ್ಲ. ಕಪ್ಪು ಆಟಗಾರ ಜಾಕಿ ರಾಬಿನ್ಸನ್ ಮೇಜರ್ ಲೀಗ್‌ನ ವರ್ಣಭೇದದ ಗೋಡೆ ಒಡೆಯುವ ಮೂರು ತಿಂಗಳ ಮುನ್ನ, 1947ರ ಜನವರಿಯಲ್ಲಿ, 35ನೇ ವಯಸ್ಸಿನಲ್ಲಿ ಗಿಬ್ಸನ್ ತೀರಿಕೊಂಡರು. 2024ರಲ್ಲಿ ನೀಗ್ರೊ ಲೀಗ್‌ಗಳ ದಾಖಲೆಗಳನ್ನು ಮೇಜರ್ ಲೀಗ್ ತನ್ನದಾಗಿ ಸ್ವೀಕರಿಸಿದಾಗ, ಜೀವಮಾನದ ಬ್ಯಾಟಿಂಗ್ ಸರಾಸರಿಯಲ್ಲಿ ಅದುವರೆಗೆ ಮೊದಲಿಗರಾಗಿದ್ದ ಟೈ ಕಾಬ್‌ರನ್ನು ಹಿಂದಿಕ್ಕಿ ಅವರ ಹೆಸರು ಮೊದಲ ಸ್ಥಾನಕ್ಕೆ ಬಂತು. ಪಕ್ಕದಲ್ಲೇ ಇದ್ದ ಇಂಥ ಆಟಗಾರನನ್ನು ದೂರವಿಟ್ಟ ಪೈರೇಟ್ಸ್‌ಗೆ 1925ರ ನಂತರ 35 ವರ್ಷ ವರ್ಲ್ಡ್ ಸೀರೀಸ್ ದಕ್ಕಲಿಲ್ಲ.

1954ರಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್‌ನ ಕಿರಿಯ ತಂಡದಿಂದ ಕೇವಲ 4,000 ಡಾಲರಿಗೆ ಬಂದ ಪೋರ್ಟೊರಿಕೊದ ಹುಡುಗ ರಾಬರ್ಟೊ ಕ್ಲೆಮೆಂಟೆ. 18 ಋತು, 12 ಗೋಲ್ಡ್ ಗ್ಲೋವ್, ಸರಿಯಾಗಿ 3,000 ಹಿಟ್. ಪತ್ರಕರ್ತರು ‘ಬಾಬ್’ ಎಂದು ಬರೆದಾಗ, ತನ್ನ ಹೆಸರು ರಾಬರ್ಟೊ ಎಂದು ಪಟ್ಟು ಹಿಡಿದ ಸ್ವಾಭಿಮಾನಿ. 1960ರಲ್ಲಿ ಬಿಲ್ ಮ್ಯಾಜರಾಸ್ಕಿಯ ಕೊನೆಯ ಹೋಂ ರನ್ ಬಲಿಷ್ಠ ಯಾಂಕೀಸನ್ನು ಮಣಿಸಿದಾಗಲೂ ಇವರು ತಂಡದಲ್ಲಿದ್ದರು. 1972ರ ಡಿಸೆಂಬರ್ 31ರಂದು ನಿಕರಾಗುವಾದ ಭೂಕಂಪ ಸಂತ್ರಸ್ತರಿಗೆ ಸಾಮಗ್ರಿ ಒಯ್ಯುತ್ತಿದ್ದ ವಿಮಾನ ಸಮುದ್ರಕ್ಕೆ ಬಿದ್ದಾಗ ಅವರು ಮಡಿದರು. ಐದು ವರ್ಷ ಕಾಯಬೇಕೆಂಬ ನಿಯಮ ಸಡಿಲಿಸಿ ಹಾಲ್ ಆಫ್ ಫೇಮ್ ಅವರನ್ನು ಮರುವರ್ಷವೇ ಸೇರಿಸಿಕೊಂಡಿತು.

ಹೊಸಬರಿಗೆ ಬಾಗಿಲು ತೆರೆಯುವ ಯತ್ನ ಮುಂದೆಯೂ ನಡೆಯಿತು. 2008ರಲ್ಲಿ ಉತ್ತರಪ್ರದೇಶದ ಜಾವೆಲಿನ್ ಎಸೆತಗಾರರಾದ ರಿಂಕು ಸಿಂಗ್, ದಿನೇಶ್ ಪಟೇಲ್ ಅವರನ್ನು ಪೈರೇಟ್ಸ್ ಸೇರಿಸಿಕೊಂಡಿತು. ಟಿವಿ ಸ್ಪರ್ಧೆಯಲ್ಲಿ ಕಂಡ ಪ್ರತಿಭೆಗಳವು. ಇಬ್ಬರೂ ಮೇಜರ್ ಲೀಗ್ ತಲುಪಲಿಲ್ಲ. ಅವರ ಕಥೆ ಹಾಲಿವುಡ್ ಚಿತ್ರವಾಯಿತು, ಎ.ಆರ್. ರೆಹಮಾನ್ ಸಂಗೀತ ಕೊಟ್ಟರು. ಆದರೆ ಒಂದು ಸ್ಪರ್ಧೆಯಿಂದ ಕ್ಲೆಮೆಂಟೆ ಹುಟ್ಟುವುದಿಲ್ಲ. ಅದಕ್ಕೆ ವರ್ಷಗಟ್ಟಲೆ ಹುಡುಕಾಟ ಬೇಕು, ಸಿಕ್ಕವರನ್ನು ಉಳಿಸಿಕೊಳ್ಳಲು ಹಣ ಬೇಕು.

ಹಣದ ವಿಷಯದಲ್ಲೇ ತಂಡ ಎಡವುತ್ತಿರುವುದು. 1992ರ ನಂತರ ತಂಡದ ತಾರಾ ಆಟಗಾರ ಬ್ಯಾರಿ ಬಾಂಡ್ಸ್ ಸ್ಯಾನ್ ಫ್ರಾನ್ಸಿಸ್ಕೊಗೆ ಹೋದರು. ಮುಂದಿನ ಸತತ 20 ಋತುಗಳಲ್ಲಿ ಗೆಲುವಿಗಿಂತ ಸೋಲೇ ಹೆಚ್ಚು. 2025ರಲ್ಲಿ ಮೈದಾನದ ಗೋಡೆಯ ಮೇಲಿದ್ದ ಕ್ಲೆಮೆಂಟೆಯ 21ನೇ ಸಂಖ್ಯೆಯ ಗುರುತನ್ನು ತೆಗೆದು ಮದ್ಯದ ಜಾಹೀರಾತು ಹಾಕಿದ್ದಕ್ಕೆ ಆಡಳಿತ ಕ್ಷಮೆ ಕೇಳಿ ಅದನ್ನು ಮರಳಿ ಹಾಕಬೇಕಾಯಿತು. ಅದೇ ವರ್ಷ ಪಿಚರ್ ಪಾಲ್ ಸ್ಕೀನ್ಸ್ ಅತ್ಯುತ್ತಮ ಪಿಚಿಂಗಿನ ಸೈ ಯಂಗ್ ಪ್ರಶಸ್ತಿ ಗೆದ್ದರೂ ತಂಡ ತನ್ನ ವಿಭಾಗದಲ್ಲಿ ಕಟ್ಟಕಡೆಗೆ ನಿಂತಿತು. ಸ್ಕೀನ್ಸ್ ಸುತ್ತ ತಂಡ ಕಟ್ಟಲು ಮಾಲೀಕರು ಹಣ ಬಿಚ್ಚಲೇಬೇಕು. ಇಲ್ಲದಿದ್ದರೆ ಬಾಂಡ್ಸ್ ಹೋದ ದಾರಿಯಲ್ಲೇ ಸ್ಕೀನ್ಸ್ ಕೂಡ ಹೋಗುತ್ತಾರೆ.